ಗಾಂಧಿ ಮತ್ತು ಗೋರಾ: ದೇವರ ವಿಷಯದಲ್ಲಿ ಒಪ್ಪದೆಯೂ ಜೊತೆಗೆ ನಡೆದವರು

ಊರು ಬಿಟ್ಟು ಮುಂಬೈ, ಪುಣೆ, ಹೈದರಾಬಾದ್ ಸೇರಿದ ಕನ್ನಡ ಮನೆಗಳಲ್ಲಿ ಈ ವಾದ ಹೊಸದೇನಲ್ಲ. ಅಪ್ಪ ಶ್ರಾದ್ಧಕ್ಕೆ ಕೂತುಕೋ ಎನ್ನುತ್ತಾರೆ, ಮಗ ನನಗೆ ಅದರಲ್ಲಿ ನಂಬಿಕೆ ಇಲ್ಲ ಎನ್ನುತ್ತಾನೆ. ಮಗಳು ರಿಜಿಸ್ಟರ್ ಮದುವೆ ಸಾಕು ಎನ್ನುತ್ತಾಳೆ, ಅಮ್ಮನಿಗೆ ಕುಲದೇವರ ಮುಂದೆ ತಾಳಿ ಕಟ್ಟಬೇಕು. ದೇವರಿದ್ದಾನೋ ಇಲ್ಲವೋ ಎಂಬ ಪ್ರಶ್ನೆ ಅಲ್ಲಿಗೇ ಮರೆತುಹೋಗುತ್ತದೆ. ಯಾರಿಗೆ ಯಾರ ಮೇಲೆ ಗೌರವ ಇಲ್ಲ ಎಂಬ ಲೆಕ್ಕ ಶುರುವಾಗುತ್ತದೆ.

ಇದೇ ವಾದ ಸ್ವಾತಂತ್ರ್ಯ ಹೋರಾಟದ ಕಾಲದಲ್ಲಿ ಇಬ್ಬರ ನಡುವೆ ವರ್ಷಗಟ್ಟಲೆ ನಡೆಯಿತು. ಒಬ್ಬರು ದಿನಕ್ಕೆರಡು ಹೊತ್ತು ಪ್ರಾರ್ಥನೆ ಮಾಡುತ್ತಿದ್ದ ಮಹಾತ್ಮ ಗಾಂಧಿ. ಇನ್ನೊಬ್ಬರು ಆಂಧ್ರದ ಗೋಪರಾಜು ರಾಮಚಂದ್ರ ರಾವ್. ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಜನ ಅವರನ್ನು ಕರೆದದ್ದು ಗೋರಾ ಎಂದು. ಇಬ್ಬರಲ್ಲಿ ಯಾರೂ ತಮ್ಮ ನಿಲುವು ಬಿಡಲಿಲ್ಲ. ಆದರೂ ಗೋರಾ ಅವರ ಹಿರಿಯ ಮಗಳ ಮದುವೆಯನ್ನು ತಮ್ಮ ಆಶ್ರಮದಲ್ಲಿ ಮಾಡಿಸಲು ಗಾಂಧೀಜಿ ಒಪ್ಪಿದರು. ಅದೂ ದೇವರ ಹೆಸರಿಲ್ಲದ ಮದುವೆ.

ಯಾರು ಈ ಗೋರಾ?

ಗೋರಾ ಹುಟ್ಟಿದ್ದು 1902ರಲ್ಲಿ, ಇಂದಿನ ಒಡಿಶಾದ ಛತ್ರಪುರದಲ್ಲಿ, ತೆಲುಗು ಬ್ರಾಹ್ಮಣ ಕುಟುಂಬದಲ್ಲಿ. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಮೇಷ್ಟರಾದರು. ಜನಿವಾರ ತೆಗೆದದ್ದಕ್ಕೆ ಮನೆಯಿಂದ ಹೊರಬೀಳಬೇಕಾಯಿತು. ನಾಸ್ತಿಕ ವಿಚಾರಗಳಿಗಾಗಿ 1933ರಲ್ಲಿ ಕಾಕಿನಾಡದ ಕಾಲೇಜಿನ ಕೆಲಸವೂ ಹೋಯಿತು. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರು ಎಂಬ ಹಳ್ಳಿಯಲ್ಲಿ ಹೆಂಡತಿ ಸರಸ್ವತಿ ಅವರೊಂದಿಗೆ ನಾಸ್ತಿಕ ಕೇಂದ್ರ ಆರಂಭಿಸಿದರು. 1947ರಲ್ಲಿ ಅದು ವಿಜಯವಾಡಕ್ಕೆ ಬಂತು, ಇಂದಿಗೂ ಅಲ್ಲಿದೆ.

ಮಕ್ಕಳ ಹೆಸರು ಕೇಳಿದರೆ ಈ ಮನೆಯ ಸ್ವಭಾವ ಗೊತ್ತಾಗುತ್ತದೆ. ಉಪ್ಪಿನ ಸತ್ಯಾಗ್ರಹದ ವರ್ಷ ಹುಟ್ಟಿದ ಮಗ ಲವಣಂ. ಎರಡನೇ ಮಹಾಯುದ್ಧ ಶುರುವಾದ ವರ್ಷ ಹುಟ್ಟಿದವನು ಸಮರಂ. ಒಂಬತ್ತನೆಯ ಮಗುವಿಗೆ ನೌ ಎಂದೇ ಹೆಸರು. ದೇವರನ್ನು ಬಿಟ್ಟವರು ಗಾಂಧಿಯನ್ನು ಬಿಟ್ಟಿರಲಿಲ್ಲ. ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಈ ಕುಟುಂಬದವರು ಜೈಲಿಗೂ ಹೋದರು.

ಮೊದಲು ಬಾಗಿಲು ತೆರೆಯಲಿಲ್ಲ

ಗಾಂಧಿ ಮತ್ತು ಗೋರಾ ಮೊದಲ ಭೇಟಿಯಲ್ಲೇ ಸ್ನೇಹಿತರಾದರು ಎಂದುಕೊಂಡರೆ ತಪ್ಪು. 1930ರಲ್ಲಿ ಗೋರಾ ಒಂದು ಪತ್ರ ಬರೆದು, ನೀವು ಬಳಸುವ ದೇವರು ಎಂಬ ಪದದ ಅರ್ಥವೇನು ಎಂದು ಕೇಳಿದರು. ದೇವರು ಮನುಷ್ಯನ ಗ್ರಹಿಕೆಗೆ ಮೀರಿದವನು ಎಂಬರ್ಥದ ಚಿಕ್ಕ ಉತ್ತರ ಬಂತು. ಗೋರಾಗೆ ಅದು ಸಾಲಲಿಲ್ಲ.

1941ರಲ್ಲಿ ಮತ್ತೆ ಬರೆದರು. ತಾವು ಹಳ್ಳಿಯಲ್ಲಿ ಅಸ್ಪೃಶ್ಯತೆ ವಿರುದ್ಧ ಕೆಲಸ ಮಾಡುತ್ತಿದ್ದೇವೆ, ನಾಸ್ತಿಕ ದಾರಿಯಿಂದ ಅದು ಸಾಧ್ಯವಾಗುತ್ತಿದೆ, ಬಂದು ವಿವರಿಸಲು ಅವಕಾಶ ಕೊಡಿ ಎಂದು. ಗಾಂಧೀಜಿಯ ಉತ್ತರ ಖಾರವಾಗಿತ್ತು. ನಾಸ್ತಿಕತೆ ಎಂದರೆ ತನ್ನನ್ನೇ ತಾನು ನಿರಾಕರಿಸಿಕೊಳ್ಳುವುದು, ಅದನ್ನು ಹರಡಲು ಯಾರಿಂದಲೂ ಆಗಿಲ್ಲ, ನಿಮಗೆ ಸಿಕ್ಕ ಯಶಸ್ಸಿಗೆ ಕಾರಣ ನಿಮ್ಮ ಪ್ರಾಮಾಣಿಕ ದುಡಿಮೆ, ಬರೀ ಮಾತಿಗೆ ನನ್ನಲ್ಲಿ ಸಮಯವಿಲ್ಲ ಎಂದು ಅವರು ಬರೆದರು.

ಈ ಉತ್ತರವನ್ನು ಗಮನವಿಟ್ಟು ನೋಡಬೇಕು. ಸಿದ್ಧಾಂತವನ್ನು ಗಾಂಧೀಜಿ ಪೂರ್ತಿ ತಳ್ಳಿಹಾಕಿದ್ದಾರೆ. ಕೆಲಸವನ್ನು ತಳ್ಳಿಹಾಕಿಲ್ಲ. ಮುಂದೆ ಬಾಗಿಲು ತೆರೆದದ್ದು ಆ ಕಡೆಯಿಂದಲೇ.

ಸೇವಾಗ್ರಾಮದ ಮಾತುಕತೆ

1944ರಲ್ಲಿ ಗೋರಾ ಅವರ ಸಹಚರರೊಬ್ಬರು ಗಾಂಧೀಜಿಯನ್ನು ಕಂಡು ಮುದುನೂರಿನ ಕೆಲಸ ವಿವರಿಸಿದರು. ಅಲ್ಲಿ ಪ್ರತಿ ಹುಣ್ಣಿಮೆಗೆ ಎಲ್ಲ ಜಾತಿಯವರ ಸಹಪಂಕ್ತಿ ಭೋಜನ ನಡೆಯುತ್ತಿತ್ತು. ಅದೇ ವರ್ಷದ ಕೊನೆಗೆ ಸೇವಾಗ್ರಾಮದಿಂದ ಕರೆ ಬಂತು.

ಮೊದಲ ಭೇಟಿಯಲ್ಲಿ ಗಾಂಧೀಜಿ ನಗುತ್ತಲೇ, ದೇವರಿಲ್ಲದವನ ಜೊತೆ ಏನು ಮಾತಾಡಲಿ ಎಂಬರ್ಥದಲ್ಲಿ ಕೇಳಿದರು. ತಾವು ದೇವರಿಲ್ಲದವರಲ್ಲ, ನಾಸ್ತಿಕರು ಎಂದು ಗೋರಾ ತಿದ್ದಿದರು. ಎರಡಕ್ಕೂ ವ್ಯತ್ಯಾಸವೇನು ಎಂದು ಗಾಂಧೀಜಿ ಕೇಳಿದಾಗ ಗೋರಾ ಕೊಟ್ಟ ವಿವರಣೆಯ ಸಾರ ಹೀಗಿತ್ತು: ದೇವರಿಲ್ಲದಿರುವುದು ಬರೀ ಒಂದು ಕೊರತೆ. ನಾಸ್ತಿಕತೆ ಹಾಗಲ್ಲ, ಅದು ಬದುಕುವ ಒಂದು ರೀತಿ, ಮನುಷ್ಯ ತನ್ನ ಹೊಣೆಯನ್ನು ತಾನೇ ಹೊರುವುದು.

ನಂತರದ ಮಾತುಕತೆಯಲ್ಲಿ ಗೋರಾ ಮುಂದಿಟ್ಟ ಉದಾಹರಣೆ 1943ರ ಬಂಗಾಳದ ಬರಗಾಲ. ಕಲ್ಕತ್ತಾದ ಬೀದಿಯಲ್ಲಿ ತಿಂಡಿ ತುಂಬಿದ ಅಂಗಡಿಗಳ ಮುಂದೆಯೇ ಜನ ಹಸಿವಿನಿಂದ ಸತ್ತರು. ಇದು ನನ್ನ ಹಣೆಬರಹ ಎಂದು ಅವರು ನಂಬಿದ್ದರು. ಉಂಡವರೂ ಅದನ್ನೇ ನಂಬಿದ್ದರಿಂದ ಪಕ್ಕದಲ್ಲಿ ಸಾಯುತ್ತಿದ್ದವರ ಹೊಣೆ ತಮ್ಮದೆಂದು ಅವರಿಗೆ ಅನ್ನಿಸಲಿಲ್ಲ. ದೇವರು, ವಿಧಿ ಎಂಬ ನಂಬಿಕೆ ಹೋದರೆ ಮನುಷ್ಯ ಮನುಷ್ಯನನ್ನು ನೋಡುವ ರೀತಿ ಬದಲಾಗುತ್ತದೆ, ಜಾತಿಯೂ ಉಳಿಯುವುದಿಲ್ಲ. ಇದು ಗೋರಾ ವಾದ.

ಗಾಂಧೀಜಿ ಪೂರ್ತಿ ಕೇಳಿಸಿಕೊಂಡರು. ಕೊನೆಗೆ ಅವರು ಹೇಳಿದ್ದನ್ನು ಗೋರಾ ಮುಂದೆ ದಾಖಲಿಸಿದ್ದಾರೆ. ತಮ್ಮ ಆಸ್ತಿಕತೆಯೇ ಸರಿ ಎಂದಾಗಲೀ ಗೋರಾ ಅವರ ನಾಸ್ತಿಕತೆ ತಪ್ಪು ಎಂದಾಗಲೀ ತಾವು ಹೇಳಲಾರೆವು, ಇಬ್ಬರೂ ಸತ್ಯ ಹುಡುಕುವವರು, ತಪ್ಪೆಂದು ಕಂಡಾಗ ಬದಲಾಗುವವರು, ಯಾರು ಯಾರ ದಾರಿಗೆ ಬರುತ್ತಾರೋ ಮುಂದೆ ನೋಡೋಣ, ಅಲ್ಲಿಯವರೆಗೆ ಕೆಲಸ ಮುಂದುವರಿಸಿ, ದಾರಿ ಬೇರೆಯಾದರೂ ಸಹಾಯ ಮಾಡುತ್ತೇನೆ. ಮೂರು ವರ್ಷದ ಹಿಂದಿನ ಪತ್ರದ ಪಕ್ಕದಲ್ಲಿ ಇದನ್ನಿಟ್ಟು ಓದಿದರೆ ಗಾಂಧೀಜಿ ಎಷ್ಟು ದೂರ ಬಂದಿದ್ದರು ಎಂದು ತಿಳಿಯುತ್ತದೆ.

ಗೋರಾ ಈ ಭೇಟಿಗಳನ್ನು ಇಂಗ್ಲಿಷಿನಲ್ಲಿ ಪುಸ್ತಕವಾಗಿ ಬರೆದರು. 1951ರಲ್ಲಿ ಅದನ್ನು ಪ್ರಕಟಿಸಿದ್ದು ಅಹಮದಾಬಾದಿನ ನವಜೀವನ, ಅಂದರೆ ಗಾಂಧೀಜಿಯದೇ ಪ್ರಕಾಶನ ಸಂಸ್ಥೆ. ಮುನ್ನುಡಿ ಬರೆದವರು ಅವರ ಆಪ್ತ ಕಿಶೋರಲಾಲ್ ಮಶ್ರುವಾಲಾ.

ಬ್ರಾಡ್ಲಾ ಅಂತ್ಯಕ್ರಿಯೆ ಮತ್ತು 'ಸತ್ಯವೇ ದೇವರು'

ನಾಸ್ತಿಕರ ಬಗ್ಗೆ ಗಾಂಧೀಜಿಗೆ ಮೊದಲಿನಿಂದಲೂ ಇಂಥ ಸಹನೆ ಇರಲಿಲ್ಲ. ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದಾಗ, 1891ರಲ್ಲಿ, ಪ್ರಸಿದ್ಧ ನಾಸ್ತಿಕ ಸಂಸದ ಚಾರ್ಲ್ಸ್ ಬ್ರಾಡ್ಲಾ ಅವರ ಅಂತ್ಯಕ್ರಿಯೆಗೆ ಅವರು ಹೋಗಿದ್ದರು. ಭಾರತದ ಪರ ಮಾತಾಡುತ್ತಿದ್ದ ಬ್ರಾಡ್ಲಾ ಬಗ್ಗೆ ಅಲ್ಲಿನ ಭಾರತೀಯರಿಗೆ ಗೌರವವಿತ್ತು. ವಾಪಸ್ ಬರುವಾಗ ರೈಲ್ವೆ ನಿಲ್ದಾಣದಲ್ಲಿ ಒಬ್ಬ ನಾಸ್ತಿಕ ಪಾದ್ರಿಯೊಬ್ಬರನ್ನು ಹಿಡಿದು ನಿಲ್ಲಿಸಿ, ನಿಮ್ಮ ದೇವರ ಅಳತೆ ಎಷ್ಟು, ಎಲ್ಲಿರುತ್ತಾನೆ ಎಂದು ಎಲ್ಲರೆದುರು ಕಾಡಿಸಿದ. ಪಾದ್ರಿ ಸಮಾಧಾನದಿಂದಲೇ ಉತ್ತರ ಕೊಟ್ಟರು. ಇದನ್ನು ಕಂಡು ನಾಸ್ತಿಕತೆಯ ಬಗ್ಗೆ ತಮಗಿದ್ದ ಬೇಸರ ಇನ್ನೂ ಹೆಚ್ಚಾಯಿತೆಂದು ಗಾಂಧೀಜಿ ಆತ್ಮಕಥೆಯಲ್ಲಿ ಬರೆದಿದ್ದಾರೆ. ವಾದ ಸರಿಯೋ ತಪ್ಪೋ, ಆತ ಅದನ್ನು ಆಡಿದ ರೀತಿ ಗಾಂಧಿಯಂಥ ಕೇಳುಗನನ್ನೇ ದೂರ ಮಾಡಿತು.

ನಲವತ್ತು ವರ್ಷದ ನಂತರ, 1931ರ ಡಿಸೆಂಬರಿನಲ್ಲಿ, ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಮಾತಾಡುತ್ತಾ ಅದೇ ಬ್ರಾಡ್ಲಾ ಹೆಸರನ್ನು ಅವರು ಗೌರವದಿಂದ ಎತ್ತಿದರು. ದೇವರೇ ಸತ್ಯ ಎನ್ನುತ್ತಿದ್ದವರು ಸತ್ಯವೇ ದೇವರು ಎಂದು ಮಾತನ್ನು ತಿರುಗಿಸಿದ್ದಕ್ಕೆ ಅಲ್ಲಿ ಕಾರಣ ಕೊಟ್ಟರು. ದೇವರನ್ನು ನಿರಾಕರಿಸುವವರು ಇದ್ದಾರೆ, ಸತ್ಯವನ್ನು ನಿರಾಕರಿಸುವ ನಾಸ್ತಿಕನನ್ನು ತಾವು ಕಂಡಿಲ್ಲ ಎಂಬುದು ಅದರ ತಿರುಳು. ಒಂದು ಸಣ್ಣ ವಾಕ್ಯ ತಲೆಕೆಳಗಾದಾಗ ನಾಸ್ತಿಕನಿಗೂ ಒಳಗೆ ಜಾಗವಾಯಿತು.

ಹಾಗಂತ ಗೋರಾ ಇದಕ್ಕೆ ತಲೆದೂಗಿ ಸುಮ್ಮನಾಗಲಿಲ್ಲ. ಸತ್ಯಕ್ಕೆ ದೇವರೆಂಬ ಹೆಸರು ಯಾಕೆ ಬೇಕು ಎಂಬ ತಕರಾರು ಅವರಿಗೆ ಕೊನೆಯವರೆಗೂ ಇತ್ತು.

ದೇವರ ಹೆಸರಿಲ್ಲದ ಮದುವೆ

ಗೋರಾ ತಮ್ಮ ಹಿರಿಯ ಮಗಳು ಮನೋರಮಾಳನ್ನು ಅರ್ಜುನ ರಾವ್ ಎಂಬ ದಲಿತ ಯುವಕನಿಗೆ ಕೊಡಲು ನಿಶ್ಚಯಿಸಿದರು. ಆ ಹೊತ್ತಿಗೆ ಗಾಂಧೀಜಿ, ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ಆ ಮದುವೆಗೆ ತಮ್ಮ ಆಶೀರ್ವಾದ ಎಂಬ ನಿಯಮ ಮಾಡಿಕೊಂಡಿದ್ದರು. ಮದುವೆ ಸೇವಾಗ್ರಾಮದಲ್ಲೇ ಆಗಲಿ ಎಂದರು. ವರ ಎರಡು ವರ್ಷ ಆಶ್ರಮದಲ್ಲಿದ್ದು ತರಬೇತಿ ಪಡೆಯಲಿ ಎಂದೂ ಸೂಚಿಸಿದರು.

ಉಳಿದದ್ದು ಒಂದೇ ತೊಡಕು. ಆಶ್ರಮದ ಮದುವೆಯಲ್ಲಿ ದೇವರ ಹೆಸರಿನಲ್ಲಿ ಪ್ರತಿಜ್ಞೆ ಮಾಡುವ ಪದ್ಧತಿ ಇತ್ತು. ಗೋರಾ ಅದಕ್ಕೆ ಒಪ್ಪಲಿಲ್ಲ. ಹಾಗಾದರೆ ದೇವರ ಬದಲು ಸತ್ಯದ ಹೆಸರಿನಲ್ಲಿ ಆಗಲಿ ಎಂದು ಗಾಂಧೀಜಿ ಒಪ್ಪಿಕೊಂಡರು. ಒಂದು ಪದದ ಮೇಲೆ ಮುರಿದುಬೀಳಬಹುದಾಗಿದ್ದ ಸಂಬಂಧ ಹೀಗೆ ಉಳಿಯಿತು.

ಆ ಮದುವೆ ನೋಡಲು ಗಾಂಧೀಜಿ ಇರಲಿಲ್ಲ. 1948ರ ಜನವರಿ 30ರಂದು ಅವರ ಹತ್ಯೆಯಾಯಿತು. ಮಾತು ಕೊಟ್ಟಿದ್ದಂತೆ ಅದೇ ವರ್ಷ ಮಾರ್ಚ್‌ನಲ್ಲಿ ಸೇವಾಗ್ರಾಮದಲ್ಲಿ ಮನೋರಮಾ ಮತ್ತು ಅರ್ಜುನ ರಾವ್ ಮದುವೆ ನಡೆಯಿತು. ಮಗ ಲವಣಂ ಕೂಡ 1960ರಲ್ಲಿ ಸೇವಾಗ್ರಾಮದಲ್ಲೇ ಮದುವೆಯಾದರು, ತೆಲುಗಿನ ಹೆಸರಾಂತ ದಲಿತ ಕವಿ ಗುರ್ರಂ ಜಾಷುವಾ ಅವರ ಮಗಳು ಹೇಮಲತಾ ಅವರನ್ನು. ವಿನೋಬಾ ಭಾವೆ ಭೂದಾನಕ್ಕಾಗಿ ಆಂಧ್ರದಲ್ಲಿ ನಡೆದಾಗ ಅವರ ಮಾತನ್ನು ತೆಲುಗಿಗೆ ತರುತ್ತಿದ್ದವರು ಇದೇ ನಾಸ್ತಿಕ ಲವಣಂ. ದೈವಭಕ್ತ ವಿನೋಬಾಗೆ ನಾಸ್ತಿಕ ದುಭಾಷಿ!

ನಮ್ಮಲ್ಲಿ ನಾಸ್ತಿಕ ಹೊರಗಿನವನೇ?

ಇಂದು ನಾಸ್ತಿಕ ಎಂದರೆ ದೇವರನ್ನು ನಂಬದವನು ಎಂದಷ್ಟೇ ಅರ್ಥ. ಹಳೆಯ ದರ್ಶನಗಳಲ್ಲಿ ಆ ಪದ ವೇದವನ್ನು ಪ್ರಮಾಣವೆಂದು ಒಪ್ಪದವರಿಗೆ ಇತ್ತು. ಹಾಗಾಗಿ ವೇದ ಒಪ್ಪಿದ ಸಾಂಖ್ಯ, ಮೀಮಾಂಸೆಗಳು ಜಗತ್ತನ್ನು ಸೃಷ್ಟಿಸಿದ ಈಶ್ವರ ಬೇಕಿಲ್ಲ ಎಂದು ವಾದಿಸಿಯೂ ಆಸ್ತಿಕ ದರ್ಶನಗಳ ಸಾಲಿನಲ್ಲೇ ಉಳಿದವು.

ಎದುರಾಳಿಯ ವಾದವನ್ನು ಮೊದಲು ಪೂರ್ತಿ ಹೇಳಬೇಕು, ಆಮೇಲೆ ಉತ್ತರಿಸಬೇಕು. ಪೂರ್ವಪಕ್ಷ ಎಂದು ಕರೆಯುವುದು ಇದನ್ನೇ. ಉದಯನನ ನ್ಯಾಯಕುಸುಮಾಂಜಲಿ ಈಶ್ವರನಿದ್ದಾನೆ ಎಂದು ಸಾಧಿಸಲು ಹೊರಟ ಗ್ರಂಥ. ಅದರಲ್ಲಿ ಈಶ್ವರನಿಲ್ಲ ಎನ್ನುವವರ ವಾದಗಳನ್ನು ಒಂದೊಂದಾಗಿ ಎತ್ತಿಕೊಂಡು ಉತ್ತರ ಹೇಳಲಾಗಿದೆ. 14ನೇ ಶತಮಾನದ ವಿಜಯನಗರದ ಮಾಧವಾಚಾರ್ಯರ ಹೆಸರಿನಲ್ಲಿರುವ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕರಿಂದ. ಚಾರ್ವಾಕರ ಬಗ್ಗೆ ನಮಗೆ ತಿಳಿದಿರುವ ಬಹುಪಾಲು ಸಂಗತಿ ಅವರನ್ನು ಖಂಡಿಸಿದವರ ಪುಸ್ತಕಗಳಿಂದಲೇ ಬಂದದ್ದು. ಇದರಲ್ಲಿ ಒಂದು ಕಹಿಯೂ ಇದೆ. ಖಂಡಿಸಿದವರು ಉಳಿದರು, ಚಾರ್ವಾಕರ ಸ್ವಂತ ಗ್ರಂಥಗಳು ಉಳಿಯಲಿಲ್ಲ.

ಸಂವಿಧಾನ ಸಭೆಯಲ್ಲಿ ದೇವರಿಗೆ ಮತ

ಇದೇ ಪ್ರಶ್ನೆ ದೇಶದ ಮಟ್ಟದಲ್ಲಿ ಬಂದದ್ದು 1949ರ ಅಕ್ಟೋಬರ್ 17ರಂದು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್, ಸಂವಿಧಾನದ ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ತಿದ್ದುಪಡಿ ಮಂಡಿಸಿದರು. ವಿರೋಧಿಸಿದವರೆಲ್ಲ ನಾಸ್ತಿಕರಾಗಿರಲಿಲ್ಲ. ನಂಬಿಕೆಯ ಸ್ವಾತಂತ್ರ್ಯ ಕೊಡುವ ಪ್ರಸ್ತಾವನೆಯೇ ಒಂದು ನಂಬಿಕೆಯನ್ನು ಎಲ್ಲರ ಮೇಲೆ ಹೇರುವುದು ಸರಿಯಲ್ಲ ಎಂದು ಹೃದಯನಾಥ ಕುಂಜ್ರು ವಾದಿಸಿದರು. ಪವಿತ್ರವಾದದ್ದನ್ನು ಮತಕ್ಕೆ ಹಾಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಕಾಮತ್ ಹಿಂದೆ ಸರಿಯಲಿಲ್ಲ. ಪರವಾಗಿ 41, ವಿರುದ್ಧ 68 ಮತ ಬಂದು ತಿದ್ದುಪಡಿ ಬಿದ್ದಿತು.

ಆದರೆ ಸಂವಿಧಾನ ದೇವರನ್ನು ಹೊರಗೆ ಕಳಿಸಲಿಲ್ಲ. ಮೂರನೇ ಅನುಸೂಚಿಯಲ್ಲಿ ಪ್ರಮಾಣವಚನಕ್ಕೆ ಎರಡು ರೂಪಗಳಿವೆ. ದೇವರ ಹೆಸರಿನಲ್ಲಿ ಪ್ರಮಾಣ ಮಾಡಬಹುದು, ಬೇಡವೆನ್ನುವವರು ಸತ್ಯನಿಷ್ಠೆಯಿಂದ ದೃಢೀಕರಿಸಬಹುದು. ಬ್ರಿಟನ್ನಿನಲ್ಲಿ ಈ ಆಯ್ಕೆಗಾಗಿ ಹೋರಾಡಿದವರೇ ಬ್ರಾಡ್ಲಾ. 1880ರಲ್ಲಿ ಗೆದ್ದರೂ ಪ್ರಮಾಣದ ತಕರಾರಿನಿಂದ ಸಂಸತ್ತಿನಲ್ಲಿ ಸರಿಯಾಗಿ ಕೂರಲು ಅವರಿಗೆ 1886ರವರೆಗೆ ಆಗಲಿಲ್ಲ. 1888ರಲ್ಲಿ ಕಾನೂನು ಬದಲಾಯಿತು. ಇನ್ನು ನಮ್ಮಲ್ಲಿ, ಧರ್ಮ ಯಾವುದೆಂದು ಹೇಳುವಂತೆ ಸರ್ಕಾರ ಯಾರನ್ನೂ ಒತ್ತಾಯಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟ್ 2014ರಲ್ಲಿ ತೀರ್ಪು ಕೊಟ್ಟಿದೆ. 2011ರ ಜನಗಣತಿಯಲ್ಲಿ ಧರ್ಮ ತಿಳಿಸದವರ ಸಂಖ್ಯೆ ಸುಮಾರು 28.7 ಲಕ್ಷ. ಇವರೆಲ್ಲ ನಾಸ್ತಿಕರು ಎಂದು ಲೆಕ್ಕ ಹಾಕುವಂತಿಲ್ಲ.

ಕನ್ನಡದ ಕೊಂಡಿಗಳು

ಗಾಂಧಿವಾದಿಯೂ ನಾಸ್ತಿಕರೂ ಆಗಿರಬಹುದು ಎಂಬುದಕ್ಕೆ ಕನ್ನಡಿಗರು ವಿಜಯವಾಡಕ್ಕೆ ಹೋಗಬೇಕಿಲ್ಲ. ಗೌರಿಬಿದನೂರಿನ ಹೊಸೂರಿನವರಾದ ಎಚ್. ನರಸಿಂಹಯ್ಯ ಜೀವಮಾನವಿಡೀ ಖಾದಿ ಉಟ್ಟು, ಬೆಂಗಳೂರಿನ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ಬದುಕಿದವರು. 1936ರಲ್ಲಿ ಗಾಂಧೀಜಿ ಬೆಂಗಳೂರಿಗೆ ಬಂದಾಗ ಅವರ ಹಿಂದಿ ಭಾಷಣವನ್ನು ಕನ್ನಡಕ್ಕೆ ಹೇಳಿದ ವಿದ್ಯಾರ್ಥಿ ಇವರೇ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ ಪವಾಡಗಳ ಪರೀಕ್ಷೆಗೆ ಸಮಿತಿ ಮಾಡಿ ದೊಡ್ಡ ವಿವಾದ ಎದುರಿಸಿದರು. ಎ.ಎನ್. ಮೂರ್ತಿರಾಯರ 'ದೇವರು' ಇನ್ನೊಂದು ಬಗೆಯದು. ತೊಂಬತ್ತರ ವಯಸ್ಸಿನಲ್ಲಿ, ದನಿ ಏರಿಸದೆ, ದೇವರನ್ನು ನಂಬಲು ತಮಗೇಕೆ ಆಗುತ್ತಿಲ್ಲ ಎಂದು ಬರೆದ ಆ ಪುಸ್ತಕಕ್ಕೆ ಪಂಪ ಪ್ರಶಸ್ತಿ ಬಂತು. ಅದನ್ನು ಮೆಚ್ಚಿ ಓದಿದವರಲ್ಲಿ ದೇವರ ಮನೆಯಲ್ಲಿ ದಿನವೂ ದೀಪ ಹಚ್ಚುವವರೂ ಇದ್ದಾರೆ.

ಗೌರವಕ್ಕೂ ಗಡಿಗಳಿರುತ್ತವೆ. ಗೋರಾ 1972ರಲ್ಲಿ ನಡೆಸಿದ ದನ ಮತ್ತು ಹಂದಿ ಮಾಂಸದ ಸಹಭೋಜನ ಭಾರೀ ವಿರೋಧ ಎದುರಿಸಿತು. ಎರಡು ಧರ್ಮಗಳ ನಡುವಿನ ಗೋಡೆ ಒಡೆಯುವುದು ತಮ್ಮ ಉದ್ದೇಶ ಎಂದು ಅವರು ಹೇಳಿದರೂ, ನಂಬುವವರಿಗೆ ಅದು ಚುಚ್ಚುವ ಕೆಲಸವಾಗಿಯೇ ಕಂಡಿತು. ಹುಣ್ಣಿಮೆಯ ಊಟಕ್ಕೆ ಬಂದವರಿಗೆ ಅಲ್ಲಿ ಸ್ನೇಹ ಸಿಗುತ್ತಿತ್ತು. ಈ ಊಟದಲ್ಲಿ ಜನ ಕಂಡದ್ದು ಸವಾಲು. ಮುದುನೂರಿನ ದಾರಿಯೇ ಹೆಚ್ಚು ದೂರ ಹೋಯಿತು ಎನ್ನಬೇಕಾಗುತ್ತದೆ.

ಗೋರಾ 1975ರಲ್ಲಿ ತೀರಿಕೊಂಡರು. ನಂತರ ಕೇಂದ್ರವನ್ನು ನಡೆಸಿದವರು ಸರಸ್ವತಿ ಗೋರಾ. ಮೂಢನಂಬಿಕೆ ಬಿಡಿಸಲು ಬಸುರಿಯಾಗಿದ್ದಾಗಲೇ ಜನರೆದುರು ಗ್ರಹಣ ನೋಡಿದ ಹೆಣ್ಣುಮಗಳು ಅವರು. 2001ರಲ್ಲಿ ಕರ್ನಾಟಕ ಸರ್ಕಾರ ಅವರಿಗೆ ಒಂದು ಪ್ರಶಸ್ತಿ ಕೊಟ್ಟಿತು. ಅದು ಕೂಡಲಸಂಗಮದೇವನನ್ನು ಬಿಟ್ಟು ಬದುಕಿಲ್ಲ ಎಂದುಕೊಂಡಿದ್ದ ಬಸವಣ್ಣನ ಹೆಸರಿನ ಬಸವ ಪುರಸ್ಕಾರ. ಆಗ ಎಂಬತ್ತೆಂಟರ ಆಸುಪಾಸಿನಲ್ಲಿದ್ದ ಸರಸ್ವತಿ ಅದನ್ನು ಸ್ವೀಕರಿಸಿದರು.