ಪಾತಾಳದ ನೀರಿನಲ್ಲಿ ಬ್ಯಾಕ್ಟೀರಿಯಾಗಳ ಶತ್ರು

ನಮಗೆ ರೋಗವನ್ನು ತರುವ ಬ್ಯಾಕ್ಟೀರಿಯಾಗಳಿಗೂ ರೋಗ ತಗಲುವುದುಂಟು ಎಂದರೆ ನಿಮ್ಮಲ್ಲಿ ಹಲವರಿಗೆ ಆಶ್ಚರ್ಯವಾದೀತು. ಅವುಗಳಿಗೆ ಮಾತ್ರವೇ ಅಂಟುವ ವೈರಸ್‌ಗಳಿವೆ. 1915ರಲ್ಲಿ ಇಂಗ್ಲೆಂಡಿನ ಟ್ವಾರ್ಟ್ ಎಂಬಾತನು ಇವುಗಳ ಸುಳಿವನ್ನು ಪ್ರಕಟಿಸಿದನು. 1917ರಲ್ಲಿ ಪ್ಯಾರಿಸಿನ ಪಾಸ್ತರ್ ಸಂಸ್ಥೆಯಲ್ಲಿದ್ದ ಡೆರೆಲ್ ಎಂಬ ವಿಜ್ಞಾನಿಯು ‘ಬ್ಯಾಕ್ಟೀರಿಯೊಫೇಜ್’ ಎಂದು ಹೆಸರಿಟ್ಟನು. ಬ್ಯಾಕ್ಟೀರಿಯಾಭಕ್ಷಕ ಎಂದು ಇದರ ಅರ್ಥ. ಹೆಸರೇನೋ ಸೊಗಸಾಗಿದೆ, ಆದರೆ ಅಷ್ಟು ಸರಿಯಲ್ಲ. ಫೇಜಿಗೆ ಬಾಯಿಲ್ಲ, ಉಸಿರಿಲ್ಲ, ತಾನಾಗಿ ಬೆಳೆಯುವ ಶಕ್ತಿಯೂ ಇಲ್ಲ. ಅದು ತನಗೆ ತಕ್ಕ ಬ್ಯಾಕ್ಟೀರಿಯಾದ ಮೈಗೆ ಅಂಟಿಕೊಂಡು ತನ್ನ ವಂಶದ್ರವ್ಯವನ್ನು ಒಳಕ್ಕೆ ಇಳಿಸುತ್ತದೆ. ಅನಂತರ ಆ ಬಡ ಜೀವಿಯು ತನ್ನ ಕೆಲಸವನ್ನು ಮರೆತು ಫೇಜ್‌ಗಳನ್ನೇ ತಯಾರಿಸತೊಡಗಿ, ಕಡೆಗೆ ಒಡೆದು ಸಾಯುತ್ತದೆ. ಹೊಸ ಫೇಜ್‌ಗಳು ಗುಂಪಾಗಿ ಹೊರಬೀಳುತ್ತವೆ.

ಹೊಳೆ, ಕಡಲು, ಚರಂಡಿಗಳಲ್ಲಿ ಇವು ಹೇರಳವಾಗಿವೆ. ಆದರೆ ಬಿಸಿಲು ಸೋಂಕದ, ಆಹಾರವೂ ವಿರಳವಾದ ಭೂಗರ್ಭದ ನೀರಿನಲ್ಲಿ? ಸ್ವೀಡನ್ ದೇಶದಲ್ಲಿ ಬಾಲ್ಟಿಕ್ ತೀರದ ಎಸ್ಪೊ ಎಂಬ ದ್ವೀಪದ ಕೆಳಗೆ ಕಗ್ಗಲ್ಲನ್ನು ಕೊರೆದು, ಸುಮಾರು 450 ಮೀಟರ್ ಆಳದವರೆಗೆ ಸುರಂಗದ ರೂಪದ ಪ್ರಯೋಗಶಾಲೆಯೊಂದನ್ನು ಕಟ್ಟಿದ್ದಾರೆ. ಅಲ್ಲಿ ಬಂಡೆಯ ಬಿರುಕುಗಳಿಂದ ತೆಗೆದ ನೀರಿನ ಲೆಕ್ಕ 2008ರಲ್ಲಿ ಪ್ರಕಟವಾಯಿತು. ಒಂದು ಮಿಲಿಲೀಟರಿನಲ್ಲಿ, ಎಂದರೆ ಸುಮಾರು ಇಪ್ಪತ್ತು ಹನಿಗಳಲ್ಲಿ, ಒಂದು ಲಕ್ಷದಿಂದ ಒಂದು ಕೋಟಿಯವರೆಗೆ ವೈರಸ್ಸಿನಂಥ ಕಣಗಳು! ಅದೇ ನೀರಿನಲ್ಲಿದ್ದ ಸೂಕ್ಷ್ಮಜೀವಿಗಳಿಗಿಂತ ಇವು ಸರಾಸರಿ ಹತ್ತುಪಟ್ಟಿಗೂ ಹೆಚ್ಚು.

ಫೇಜ್‌ಗಳು ಚಿರಂಜೀವಿಗಳಲ್ಲ, ಕಾಲಕ್ರಮದಲ್ಲಿ ಶಿಥಿಲವಾಗುತ್ತವೆ. ಹೊಸವು ಹುಟ್ಟಬೇಕಾದರೆ ಬ್ಯಾಕ್ಟೀರಿಯಾಗಳು ಜೀವಂತವಾಗಿದ್ದು ದುಡಿಯುತ್ತಿರಬೇಕು. ಹಾಗಾದರೆ ಅಷ್ಟು ಆಳದಲ್ಲಿಯೂ ಅವು ನಿದ್ರಿಸುತ್ತಿಲ್ಲವೆಂದು ಈ ಶತ್ರುಗಳ ಸಂಖ್ಯೆಯೇ ಸಾಕ್ಷಿ ಹೇಳುತ್ತದೆ.

ಇದರಿಂದ ಯಾರಿಗೇನು ಎಂದು ಕೇಳುವಿರಾ? ಆ ಸುರಂಗವನ್ನು ತೋಡಿದ್ದೇ ಒಂದು ಗಂಡಾಂತರದ ವಸ್ತುವಿಗಾಗಿ. ಪರಮಾಣು ವಿದ್ಯುದಾಗಾರಗಳಲ್ಲಿ ಉರಿದು ಉಳಿದ ಇಂಧನವನ್ನು 5 ಸೆಂಟಿಮೀಟರ್ ದಪ್ಪದ ತಾಮ್ರದ ಕೊಳವೆಗಳಲ್ಲಿ ಭದ್ರಪಡಿಸಿ, ಸುತ್ತಲೂ ಜೇಡಿಮಣ್ಣನ್ನು ಒತ್ತಿ ತುಂಬಿ, ನೆಲದಾಳದಲ್ಲಿ ಹೂಳುವ ವಿಧಾನವನ್ನು ಅಲ್ಲಿ ಪರೀಕ್ಷಿಸುತ್ತ ಬಂದಿದ್ದಾರೆ. ಆ ತಾಮ್ರ ಒಂದು ಲಕ್ಷ ವರ್ಷ ಬಾಳಬೇಕು. ಆದರೆ ಎಸ್ಪೊದ ನೀರಿನಲ್ಲಿಯೇ ದೊರೆತು, ಆ ದ್ವೀಪದ ಹೆಸರನ್ನೇ ಪಡೆದಿರುವ ಮೊದಲು ಡೀಸಲ್ಫೋವಿಬ್ರಿಯೊ ಜಾತಿಗೆ ಸೇರಿಸಿದ್ದ ಬ್ಯಾಕ್ಟೀರಿಯಾ ಒಂದಿದೆ. ಆಮ್ಲಜನಕದ ಬದಲು ಸಲ್ಫೇಟನ್ನು ಬಳಸಿ ಬದುಕುವ ಇದು, ಕೊಳೆತ ಮೊಟ್ಟೆಯ ನಾತದ ಹೈಡ್ರೋಜನ್ ಸಲ್ಫೈಡನ್ನು ಹೊರಬಿಡುತ್ತದೆ. ತಾಮ್ರ ಸವೆಯುವುದು ಇದರಿಂದಲೇ.

ಇದೇ ಬ್ಯಾಕ್ಟೀರಿಯಾವನ್ನು ಒಡೆದು ಕೊಲ್ಲುವ ಫೇಜ್‌ಗಳು ಅಲ್ಲಿಯ ನೀರಿನಲ್ಲಿಯೇ ಸಿಕ್ಕಿದ ವಾರ್ತೆ 2009ರಲ್ಲಿ ಹೊರಬಂತು. ಇದರ ದಾಯಾದಿಗಳೆನ್ನಬಹುದಾದ ಇತರ ಜಾತಿಗಳನ್ನು ಪರೀಕ್ಷೆಗೆ ಒಡ್ಡಿದಾಗ ಅವು ಮುಟ್ಟಲಿಲ್ಲ. ಇಷ್ಟರಿಂದಲೇ ತಾಮ್ರಕ್ಕೆ ಕಾವಲುಗಾರ ಸಿಕ್ಕಿದನೆಂದು ಹಿಗ್ಗುವಂತಿಲ್ಲ. ಬ್ಯಾಕ್ಟೀರಿಯಾ ಹೆಚ್ಚಿದಾಗ ಫೇಜಿಗೆ ಬೇಟೆ ಸುಲಭ. ಅವು ವಿರಳವಾದರೆ ಬೇಟೆಯೂ ವಿರಳ. ಒಡೆದು ಸತ್ತವುಗಳ ಸಾರವೇ ಉಳಿದವುಗಳಿಗೆ ಊಟವಾಗುತ್ತದೆ. ಹೀಗೆ ಫೇಜ್ ತನ್ನ ಶತ್ರುವನ್ನು ಹದ್ದಿನಲ್ಲಿಡಬಲ್ಲದೇ ಹೊರತು ನಿರ್ನಾಮ ಮಾಡುವುದು ಅಪರೂಪ.

ಆದ್ದರಿಂದಲೇ ಎಂಜಿನಿಯರರು ನೆಚ್ಚಿರುವುದು ಫೇಜನ್ನಲ್ಲ, ಜೇಡಿಮಣ್ಣನ್ನು: ಬಿಗಿಯಾಗಿ ಒತ್ತಿದ ಆ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುವುದು ಬಹು ಕಷ್ಟ. ಸ್ವೀಡನ್ನಿನ ಫೋರ್ಸ್‌ಮಾರ್ಕ್ ಎಂಬಲ್ಲಿ ಸುಮಾರು 500 ಮೀಟರ್ ಆಳದ ನಿಜವಾದ ಉಗ್ರಾಣದ ಕೆಲಸ 2025ರಲ್ಲಿ ಮೊದಲಾಯಿತು.