ಕೆಡದ ಫೋನು ಕೆಲಸಕ್ಕೆ ಬಾರದಾಗುವುದೇಕೆ?

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯಲ್ಲಿ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಗೋಡೆಯ ಗೂಡಿನಲ್ಲಿ ಹತ್ತು ವರ್ಷಗಳ ಹಿಂದೆ ಕೊಂಡ ಸ್ಮಾರ್ಟ್‌ಫೋನೊಂದು ಇದೆ. ವಿದ್ಯುತ್ತನ್ನು ಊಡಿದರೆ ಅದರ ತೆರೆ ಬೆಳಗುತ್ತದೆ. ಕ್ಯಾಮರಾ ಚಿತ್ರ ತೆಗೆಯುತ್ತದೆ. ಆದರೂ ಕಾಲೇಜಿಗೆ ಹೋಗುವ ಆ ಮನೆಯ ಮಗಳು ತನಗೆ ಬೇಕಾದ ಒಂದು ಆ್ಯಪನ್ನೂ ಅದರಲ್ಲಿ ಹಾಕಿಕೊಳ್ಳಲಾರಳು. ಫೋನು ಕೆಟ್ಟಿಲ್ಲ, ಆದರೆ ಕೆಲಸಕ್ಕೆ ಬಾರದು. ಇದೇನು ವಿಚಿತ್ರ?

ಗಡಿಯಾರದ ಹಲ್ಲುಚಕ್ರ ಸವೆಯುತ್ತದೆ. ಪಂಪಿನ ವಾಷರು ಹರಿಯುತ್ತದೆ. ಫೋನಿನ ಸಿಲಿಕಾನ್ ಬಿಲ್ಲೆಯಲ್ಲಿ ಹಾಗೆ ಉಜ್ಜಿ ಸವೆಯುವ ಭಾಗಗಳಿಲ್ಲ. ಬ್ಯಾಟರಿಯೊಂದು ಬೇಗ ಬಲಗುಂದುವುದು ನಿಜ; ಅದನ್ನು ಬದಲಾಯಿಸಬಹುದು. ಆದುದರಿಂದ ಈ ಅಕಾಲ ಮುಪ್ಪಿಗೆ ಕಾರಣವನ್ನು ಯಂತ್ರದಲ್ಲಲ್ಲ, ಯಂತ್ರವನ್ನು ನಡೆಸುವ ತಂತ್ರಾಂಶದಲ್ಲಿ ಹುಡುಕಬೇಕು.

ಫೋನಿನ ಎಲ್ಲ ಕೆಲಸಗಳಿಗೂ ಯಜಮಾನನಂತಿರುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ಆ್ಯಪು ತಾನಾಗಿ ಕ್ಯಾಮರಾವನ್ನು ಮುಟ್ಟಲಾರದು. ‘ಚಿತ್ರ ತೆಗೆದುಕೊಡು’ ಎಂದು ಈ ವ್ಯವಸ್ಥೆಯನ್ನು ಬೇಡಬೇಕು. ಬೇಡುವ ರೀತಿ ಒಂದೊಂದು ವ್ಯವಸ್ಥೆಗೆ ಒಂದೊಂದು. ಆಂಡ್ರಾಯ್ಡಿಗಾಗಿ ಬರೆದ ಆ್ಯಪು ಬೇರೊಂದು ವ್ಯವಸ್ಥೆಯಲ್ಲಿ ಮೂಕವಾಗುವುದು ಇದರಿಂದಲೇ.

ಇದಕ್ಕೆ ನಮ್ಮ ಜಿಲ್ಲೆಯಲ್ಲಿಯೇ ಒಳ್ಳೆಯ ಉಪಮಾನವಿದೆ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳ ಮೂಲಕ ಕೋಲಾರಕ್ಕೆ ಹಿಂದೆ ಎರಡೂವರೆ ಅಡಿ ಅಗಲದ ಕಿರುಹಳಿಯ ರೈಲುಮಾರ್ಗವಿದ್ದಿತು. ಆ ಹಳಿಯ ಮೇಲೆ ಐದೂವರೆ ಅಡಿಯ ಅಗಲ ಹಳಿಯ ಗಾಡಿ ಓಡಲಾರದು; ಕಿರುಹಳಿಗೆಂದೇ ಗಾಡಿಗಳನ್ನು ಬೇರೆಯಾಗಿ ಕಟ್ಟಬೇಕು. ದೇಶದ ಉಳಿದ ಹಳಿಗಳೆಲ್ಲ ಅಗಲವಾಗುತ್ತ ಬಂದಂತೆ, ಕಿರುಹಳಿ ಗಟ್ಟಿಯಾಗಿದ್ದರೂ ಒಂಟಿಯಾಯಿತು. ಕೊನೆಗೆ ಅದನ್ನು ಕಿತ್ತು ಅಗಲ ಹಳಿ ಹಾಕುವ ಕೆಲಸ 2013ರಲ್ಲಿ ಮುಗಿಯಿತು. ಕಾರ್ಯಾಚರಣ ವ್ಯವಸ್ಥೆಯೇ ಹಳಿ. ಆ್ಯಪುಗಳೇ ಗಾಡಿಗಳು ಎಂದುಕೊಂಡರೆ ನಮ್ಮ ಸಮಸ್ಯೆ ಅರ್ಧ ಬಿಡಿಸಿದಂತೆ.

ಈಗ ನಿಜವಾಗಿ ನಡೆದ ಒಂದು ಸಂಗತಿಯನ್ನು ನೋಡೋಣ. 2011ರಲ್ಲಿ ಲಿನಕ್ಸ್ ಫೌಂಡೇಶನ್ನಿನ ಆಶ್ರಯದಲ್ಲಿ, ಸ್ಯಾಮ್‌ಸಂಗ್ ಮತ್ತು ಇಂಟೆಲ್ ಕಂಪನಿಗಳ ಬೆಂಬಲದಿಂದ, ಟೈಜನ್ ಎಂಬ ಹೊಸ ವ್ಯವಸ್ಥೆ ಹುಟ್ಟಿತು. 2015ರ ಜನವರಿಯಲ್ಲಿ ಸ್ಯಾಮ್‌ಸಂಗ್ ತನ್ನ ಮೊದಲ ಟೈಜನ್ ಫೋನಾದ ‘ಜೆಡ್1’ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. ಬೆಲೆ 5,700 ರೂಪಾಯಿ. ಅದೇ ವರ್ಷದ ಜುಲೈನಲ್ಲಿ ಬೆಂಗಳೂರಿನಲ್ಲಿ ಟೈಜನ್ ತಂತ್ರಾಂಶ ರಚಿಸುವವರ ಸಮ್ಮೇಳನವೂ ನಡೆಯಿತು. ಅನಂತರ ಜೆಡ್3, ಜೆಡ್2, ಜೆಡ್4 ಎಂಬ ಫೋನುಗಳು ಬಂದವು. 2017ರ ಜೆಡ್4ರ ಬಳಿಕ ಈ ಸಾಲು ನಿಂತುಹೋಯಿತು. 2021ರ ಜೂನ್‌ನಲ್ಲಿ ಟೈಜನ್ ಆ್ಯಪುಗಳ ಅಂಗಡಿ ಹೊಸಬರಿಗೆ ಬಾಗಿಲು ಹಾಕಿತು. ಆ ವರ್ಷದ ಕೊನೆಯಲ್ಲಿ ಪೂರ್ತಿಯಾಗಿ ಮುಚ್ಚಿತು.

ಟೈಜನ್ ಕೀಳು ವ್ಯವಸ್ಥೆಯಾಗಿದ್ದುದರಿಂದ ಹೀಗಾಯಿತೆ? ಹಾಗೆನ್ನಲಾಗದು. ಅದರ ಹೃದಯಭಾಗವಾದ ಲಿನಕ್ಸ್ ಕರ್ನೆಲ್ಲೇ ಆಂಡ್ರಾಯ್ಡಿಗೂ ಹೃದಯ. ಹೃದಯ ಒಂದೇ ಆದರೆ ಆಂಡ್ರಾಯ್ಡಿನ ಆ್ಯಪುಗಳು ಟೈಜನ್ನಿನಲ್ಲಿ ಏಕೆ ನಡೆಯಬಾರದು ಎಂದು ಜಾಣ ವಿದ್ಯಾರ್ಥಿ ಕೇಳಬಹುದು. ಆ್ಯಪುಗಳು ಸಾಮಾನ್ಯವಾಗಿ ಕರ್ನೆಲ್ಲಿನೊಡನೆ ನೇರವಾಗಿ ಮಾತನಾಡುವುದಿಲ್ಲ. ಅದರ ಮೇಲಿನ ಪದರಗಳೊಡನೆ ಮಾತನಾಡುತ್ತವೆ. ಆ ಪದರಗಳು ಎರಡರಲ್ಲಿಯೂ ಬೇರೆ ಬೇರೆ. ನಡುವೆ ದುಭಾಷಿಯಂತಹ ಪದರವೊಂದನ್ನು ಇಡಬಹುದು. ಆದರೆ ಆಂಡ್ರಾಯ್ಡ್ ಬದಲಾದಾಗಲೆಲ್ಲ ಆ ದುಭಾಷಿಯೂ ಹೊಸ ಮಾತು ಕಲಿಯಬೇಕು.

ನಿಜವಾದ ತೊಡಕು ಲೆಕ್ಕದಲ್ಲಿದೆ. ಒಂದು ಆ್ಯಪನ್ನು ಸಿದ್ಧಪಡಿಸಲು ಹತ್ತು ಲಕ್ಷ ರೂಪಾಯಿ ಬೇಕೆಂದು ಊಹಿಸೋಣ. ಬಳಸುವವರು ಹತ್ತು ಕೋಟಿ ಮಂದಿಯಿದ್ದರೆ ತಲೆಗೆ ಬೀಳುವ ವೆಚ್ಚ ಒಂದು ಪೈಸೆ. ಹತ್ತು ಲಕ್ಷ ಮಂದಿಯಿದ್ದರೆ ಒಂದು ರೂಪಾಯಿ, ಎಂದರೆ ನೂರು ಪಟ್ಟು. ಹೀಗಿರಲು ಆ್ಯಪು ರಚಿಸುವವನು ದೊಡ್ಡ ಹಳಿಯತ್ತಲೇ ಓಡುತ್ತಾನೆ. ಆ್ಯಪುಗಳಿಲ್ಲವೆಂದು ಜನ ಕೊಳ್ಳುವುದಿಲ್ಲ. ಜನರಿಲ್ಲವೆಂದು ಆ್ಯಪುಗಳು ಬರುವುದಿಲ್ಲ. ಈ ವಿಷವರ್ತುಲವನ್ನು ಕಡಿಯುವ ಶಕ್ತಿ ಇರುವುದು ಫೋನು ತಯಾರಿಸುವವನಿಗೆ. ಅವನು ನಷ್ಟವನ್ನು ಸಹಿಸಿಯಾದರೂ ವರ್ಷಗಟ್ಟಲೆ ನೀರೆರೆಯಬೇಕು. ಸ್ಯಾಮ್‌ಸಂಗ್ ಕಂಪನಿಯಾದರೋ ಅದೇ ಕಾಲದಲ್ಲಿ ಆಂಡ್ರಾಯ್ಡ್ ಫೋನುಗಳನ್ನು ಇದಕ್ಕಿಂತ ಬಹುಪಾಲು ಹೆಚ್ಚಾಗಿ ಮಾರುತ್ತಿದ್ದಿತು. ತನ್ನ ಅಗಲ ಹಳಿಯೇ ಪಕ್ಕದಲ್ಲಿರುವಾಗ ಕಿರುಹಳಿಯ ಆರೈಕೆ ಎಷ್ಟು ದಿನ ನಡೆದೀತು? ಇದಕ್ಕೆ ಸಾಕ್ಷಿಯೂ ಉಂಟು. ಅದೇ ಟೈಜನ್ ಇಂದಿಗೂ ಸ್ಯಾಮ್‌ಸಂಗ್ ಟೆಲಿವಿಷನ್ನುಗಳಲ್ಲಿ ಚೆನ್ನಾಗಿ ಬಾಳುತ್ತಿದೆ. ಅಲ್ಲಿ ಬಳಸುವವರ ಸಂಖ್ಯೆಯೂ ದೊಡ್ಡದು, ಒಡೆಯನ ಆಸ್ಥೆಯೂ ದೊಡ್ಡದು.

ಈ ಪಾಠ ಕರ್ನಾಟಕಕ್ಕೆ ಹೊಸದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎಂಜಿನಿಯರುಗಳೂ ಸೇರಿ ರೂಪಿಸಿದ, ಅಂಗೈಯಲ್ಲಿ ಹಿಡಿಯಬಹುದಾದ ‘ಸಿಂಪ್ಯೂಟರ್’ ಎಂಬ ಗಣಕವು 2004ರಲ್ಲಿ ಮಾರುಕಟ್ಟೆಗೆ ಬಂದಿತು. ಯೋಚನೆ ಉದಾತ್ತವಾಗಿದ್ದಿತು, ಕೊಂಡವರು ಕೆಲವೇ ಸಾವಿರ ಮಂದಿ. ಬಳಸುವವರ ಬಳಗ ಬೆಳೆಯದೆ ಅದೂ ಮರೆಯಾಯಿತು.

ಪೋಷಣೆ ನಿಂತ ಫೋನಿಗೆ ಇನ್ನೊಂದು ಅಪಾಯವೂ ಇದೆ. ತಂತ್ರಾಂಶದಲ್ಲಿ ಕಳ್ಳಗಂಡಿಗಳು ಆಗಾಗ ಪತ್ತೆಯಾಗುತ್ತಿರುತ್ತವೆ. ತಯಾರಕನು ತೇಪೆ ಕಳುಹಿಸದಿದ್ದರೆ ಅವು ತೆರೆದೇ ಇರುತ್ತವೆ. ಅಲ್ಲದೆ ಅಂತರಜಾಲದ ತಾಣಗಳನ್ನು ನಿಜವೆಂದು ಗುರುತಿಸಲು ಫೋನಿನೊಳಗೆ ಕೆಲವು ಮೂಲ ಪ್ರಮಾಣಪತ್ರಗಳಿರುತ್ತವೆ. ಅವುಗಳಿಗೂ ಆಯುಸ್ಸು ಉಂಟು. 2021ರ ಸೆಪ್ಟೆಂಬರ್ 30ರಂದು ‘ಡಿಎಸ್‌ಟಿ ರೂಟ್ ಸಿಎ ಎಕ್ಸ್3’ ಎಂಬ ಅಂತಹ ಪ್ರಮಾಣಪತ್ರದ ಅವಧಿ ಮುಗಿದಾಗ, ಹೊಸ ಪತ್ರ ಸೇರದಿದ್ದ ಅನೇಕ ಹಳೆಯ ಸಾಧನಗಳಿಗೆ ಹಲವು ತಾಣಗಳು ತೆರೆಯದೆ ಹೋದವು. ಸಾಧನದಲ್ಲಿ ಒಂದು ತಂತಿಯೂ ತುಂಡಾಗಿರಲಿಲ್ಲ.

ಇದರ ಭಾರ ಬೀಳುವುದು ಯಾರ ಮೇಲೆ? ಐವತ್ತು ಸಾವಿರದ ಫೋನು ಕೊಳ್ಳುವವನು ಬೇಗನೆ ಇನ್ನೊಂದನ್ನು ಕೊಂಡಾನು. ಕೂಲಿಯ ಹಣ ಕೂಡಿಟ್ಟು ಐದು ಸಾವಿರದ ಫೋನು ಕೊಳ್ಳುವವನಿಗೆ ಅದೇ ದೊಡ್ಡ ಆಸ್ತಿ. ಕಡಮೆ ಬೆಲೆಯ ಯಂತ್ರಕ್ಕೇ ದೀರ್ಘ ಪೋಷಣೆಯ ಅಗತ್ಯ ಹೆಚ್ಚು. ಆದರೆ ದೊರೆಯುವುದು ದುಬಾರಿ ಯಂತ್ರಕ್ಕೆ. 2024ರಲ್ಲಿ ತನ್ನ ದುಬಾರಿ ಗ್ಯಾಲಕ್ಸಿ ಎಸ್24 ಫೋನುಗಳಿಗೆ ಏಳು ವರ್ಷಗಳ ಪೋಷಣೆಯ ವಾಗ್ದಾನವಿತ್ತದ್ದು ಇದೇ ಸ್ಯಾಮ್‌ಸಂಗ್. ಯೂರೋಪಿನ ಒಕ್ಕೂಟವು ಇದನ್ನು ಕಂಪನಿಗಳ ಮರ್ಜಿಗೆ ಬಿಟ್ಟಿಲ್ಲ. 2025ರ ಜೂನ್ 20ರಿಂದ ಅಲ್ಲಿ ಜಾರಿಗೆ ಬಂದ ನಿಯಮದಂತೆ, ಒಂದು ಮಾದರಿಯ ಮಾರಾಟ ನಿಂತ ಮೇಲೂ ಕನಿಷ್ಠ ಐದು ವರ್ಷ ತಂತ್ರಾಂಶದ ಪರಿಷ್ಕರಣ ದೊರೆಯಬೇಕು.

ಆದುದರಿಂದ ಫೋನು ಕೊಳ್ಳಲು ಹೋದಾಗ ಕ್ಯಾಮರಾ ಎಷ್ಟು ದೊಡ್ಡದು ಎಂಬುದರ ಜೊತೆಗೆ ಇನ್ನೆರಡು ಪ್ರಶ್ನೆಗಳನ್ನು ಕೇಳುವುದು ಲೇಸು. ಇದರ ವ್ಯವಸ್ಥೆ ಯಾವುದು? ಎಷ್ಟು ವರ್ಷ ಇದಕ್ಕೆ ತೇಪೆ ಹಾಕುವಿರಿ? ಗಾಡಿಯ ಅಂದವನ್ನು ನೋಡುವ ಮೊದಲು, ಹಳಿ ಎಲ್ಲಿಯವರೆಗೆ ಹಾಕಿದೆ ಎಂದು ವಿಚಾರಿಸುವುದು ಪ್ರಯಾಣಿಕನ ಹಕ್ಕು.