ಟೈಪಿಸಿದ ಹೆಸರೇ ಆಜ್ಞೆಯಾದಾಗ: ಪೈಥಾನ್‌ನಲ್ಲಿ ಸೌಲಭ್ಯವೂ ಉಂಟು, ಅಪಾಯವೂ ಉಂಟು

ಬೀದರ್ ಜಿಲ್ಲೆಯ ಘಾಟಬೋರಾಳದಲ್ಲಿ ತೊಗರಿ ಖರೀದಿಸುವ ವ್ಯಾಪಾರಿಯೊಬ್ಬರಿಗೆ ಊರಿನ ತರುಣನೊಬ್ಬ ಪೈಥಾನ್ ಭಾಷೆಯಲ್ಲಿ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದಾನೆ ಎಂದು ಭಾವಿಸೋಣ. ಅದರಲ್ಲಿ ‘ಖಾತೆ’ ಎಂಬ ಕ್ಲಾಸ್ ಇದೆ. ಅದು ಮಾಡಬಲ್ಲ ಕೆಲಸಗಳು, ಅಂದರೆ ಮೆಥಡ್‌ಗಳು, ಮೂರು: ‘ಸೇರಿಸು’, ‘ತೋರಿಸು’, ‘ಅಳಿಸು’. (2008ರಲ್ಲಿ ಬಂದ ಪೈಥಾನ್ 3ರಿಂದ ಇಂತಹ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಇಡಬಹುದೆಂಬುದು ಅನೇಕರಿಗೆ ತಿಳಿಯದು.) ಗುಮಾಸ್ತರು ‘ತೋರಿಸು’ ಎಂದು ಟೈಪಿಸಿದರೆ ರೈತರಿಗೆ ಕೊಡಬೇಕಾದ ಬಾಕಿ ಪರದೆಯ ಮೇಲೆ ಮೂಡಬೇಕು.

ಆದರೆ ಟೈಪಿಸಿದ್ದು ಬರಿಯ ಅಕ್ಷರಗಳ ಸಾಲು. ಅದು ತಾನಾಗಿ ಯಾವ ಕೆಲಸವನ್ನೂ ಮಾಡದು. ಪ್ರತಿ ಹೆಸರಿಗೂ ‘ಇದಾದರೆ ಇದನ್ನು ಮಾಡು’ ಎಂದು ಬರೆಯುತ್ತ ಹೋಗುವುದು ಒಂದು ದಾರಿ. ಅದಕ್ಕಿಂತ ಹತ್ತಿರದ ದಾರಿ ಪೈಥಾನ್‌ನಲ್ಲಿಯೇ ಇರುವ ‘ಗೆಟ್‌ಆಟರ್’ ಎಂಬ ಫಂಕ್ಷನ್. ಖಾತೆಯನ್ನೂ ಹೆಸರನ್ನೂ ಕೊಟ್ಟರೆ ಅದು ಆ ಹೆಸರಿನ ಮೆಥಡನ್ನು ಹುಡುಕಿಕೊಡುತ್ತದೆ. ಮುಂದೆ ಆವರಣ ಚಿಹ್ನೆ ಹಾಕಿದರೆ ಕೆಲಸ ನಡೆಯುತ್ತದೆ.

ಇದು ಬರಿಯ ಪಾಠದ ಉದಾಹರಣೆಯಲ್ಲ. ಆರನ್ ಸ್ವಾರ್ಟ್ಜ್ ಆರಂಭಿಸಿದ, ಬೆಂಗಳೂರಿನಲ್ಲಿ ಕೆಲಸ ಮಾಡಿದ ಆನಂದ್ ಚಿಟಿಪೋತು ಬಹುಕಾಲ ನಿರ್ವಹಿಸಿದ ‘ವೆಬ್.ಪೈ’ ಎಂಬ ಜಾಲತಾಣ ಚೌಕಟ್ಟು ಇದೇ ಉಪಾಯವನ್ನು ಬಳಸುತ್ತದೆ. ಬ್ರೌಸರ್ ‘ಗೆಟ್’ ಎಂದರೆ ಕ್ಲಾಸಿನ ‘ಗೆಟ್’ ಮೆಥಡ್ ನಡೆಯುತ್ತದೆ, ‘ಪೋಸ್ಟ್’ ಎಂದರೆ ‘ಪೋಸ್ಟ್’. ಕ್ಲಾಸಿನಲ್ಲಿಲ್ಲದ ಹೆಸರು ಬಂದರೆ 405 ಎಂಬ ದೋಷಸಂಖ್ಯೆ ಮರಳುತ್ತದೆ.

ತೊಡಕು ಇರುವುದು ಇಲ್ಲದ ಹೆಸರಿನಲ್ಲಲ್ಲ, ಇರುವ ಹೆಸರಿನಲ್ಲಿ. ಕೇಳುತ್ತಿರುವವರು ಯಾರೆಂಬ ವಿವೇಚನೆ ಗೆಟ್‌ಆಟರ್‌ಗಿಲ್ಲ. ‘ಅಳಿಸು’ ಮಾಲೀಕರಿಗೆ ಮಾತ್ರ ಮೀಸಲು, ಪರದೆಯ ಆಯ್ಕೆಗಳಲ್ಲಿ ಅದು ಕಾಣುವುದೂ ಇಲ್ಲ ಎನ್ನೋಣ. ಆದರೂ ಯಾರಾದರೂ ಊಹಿಸಿ ಟೈಪಿಸಿದರೆ ಇಡೀ ಸುಗ್ಗಿಯ ಲೆಕ್ಕ ಮಾಯವಾಗುತ್ತದೆ. ಯಾವ ರೈತನಿಗೆ ಎಷ್ಟು ಕೊಡಬೇಕೆಂಬುದಕ್ಕೆ ಆಧಾರವೇ ಉಳಿಯದು. ಹೆಸರಿನ ಮುಂದೆ ಅಡಿಗೆರೆ ಹಾಕಿದರೆ ಸಾಕು ಎಂದು ನಂಬುವವರಿದ್ದಾರೆ. ಪೈಥಾನ್‌ನಲ್ಲಿ ಅಡಿಗೆರೆ ಒಂದು ಸಂಪ್ರದಾಯವೇ ಹೊರತು ಬೀಗವಲ್ಲ. ಕೆಲವರು ಬಳಸುವ ‘ಇವಾಲ್’ ಇನ್ನೂ ಕೆಟ್ಟದ್ದು; ಹೆಸರಷ್ಟನ್ನೇ ಅಲ್ಲ, ಟೈಪಿಸಿದ ಇಡೀ ಉಕ್ತಿಯನ್ನೇ ಅದು ನಡೆಸಿಬಿಡುತ್ತದೆ.

ಪರಿಹಾರಕ್ಕೆ ಹೆಚ್ಚಿನ ಶ್ರಮ ಬೇಡ. ಅನುಮತಿಸಿದ ಹೆಸರುಗಳನ್ನೂ ಅವುಗಳ ಮೆಥಡ್‌ಗಳನ್ನೂ ಒಂದು ಡಿಕ್ಷನರಿಯಲ್ಲಿ ಜೋಡಿಸಿಟ್ಟು, ಟೈಪಿಸಿದ ಪದವನ್ನು ಅಲ್ಲಿ ಮಾತ್ರ ಹುಡುಕಬೇಕು. ಸಿಗದಿದ್ದರೆ ‘ಇಂತಹ ಆಯ್ಕೆ ಇಲ್ಲ’ ಎಂದು ತಿಳಿಸಿದರಾಯಿತು. ‘ಅಳಿಸು’ ಗುಮಾಸ್ತರ ಡಿಕ್ಷನರಿಯಲ್ಲಿ ಇರುವುದೇ ಇಲ್ಲ. ಮೇಲಾಗಿ, ಅವರು ‘ತೋರಿಸು’ ಎಂದರೂ, ‘ಬಾಕಿ’ ಎಂದರೂ, ಅವಸರದಲ್ಲಿ ಬರಿಯ 2 ಒತ್ತಿದರೂ ಒಂದೇ ಮೆಥಡ್ ನಡೆಯುವಂತೆ ಮಾಡಬಹುದು.